ರಾಕು ಕಪ್ಪು ಬಟ್ಟಲು

ಜಪಾನಿನ ಚಹಾಕೂಟದಲ್ಲಿ ಪುಡಿಚಹಾ ಕಡೆದು ಕುಡಿಯಲು ಬಳಸುವ ಮಣ್ಣಿನ ಬಟ್ಟಲು. ತಿಗರಿಯ ನೆರವಿಲ್ಲದೆ ಕೈಯಿಂದಲೇ ರೂಪಿಸಿ, ಕಪ್ಪು ಮೆರುಗು ಬಳಿದು, ಸಣ್ಣ ಆವಿಗೆಯಲ್ಲಿ ಒಂದೊಂದನ್ನೇ ಸುಟ್ಟು ತೆಗೆಯುತ್ತಾರೆ. ಜಪಾನಿಯಲ್ಲಿ ಇದಕ್ಕೆ ಕುರೊ ರಾಕು ಚವಾನ್ ಎಂದು ಹೆಸರು. 1580ರ ದಶಕದಲ್ಲಿ ಕ್ಯೋಟೊ ನಗರದ ಚೋಜಿರೊ ಎಂಬ ಕುಶಲಕರ್ಮಿ ಚಹಾಗುರು ಸೆನ್ ನೊ ರಿಕ್ಯೂನ (1522–1591) ಅಪೇಕ್ಷೆಯಂತೆ ಮಾಡಿಕೊಟ್ಟ ಬಟ್ಟಲುಗಳಿಂದ ಇದರ ಚರಿತ್ರೆ ಆರಂಭವಾಗುತ್ತದೆ. ಅಲ್ಲಿಂದ ಬೆಳೆದ ರಾಕು ಮನೆತನ ಈಗ 16ನೆಯ ತಲೆಮಾರಿನಲ್ಲಿದ್ದು, ಅದೇ ಊರಿನಲ್ಲಿ ಅದೇ ಕೆಲಸ ಮಾಡುತ್ತಿದೆ. ಬಟ್ಟಲು ಸಾಮಾನ್ಯವಾಗಿ 8–9 ಸೆಂ.ಮೀ. ಎತ್ತರ, 10–12 ಸೆಂ.ಮೀ. ಬಾಯಗಲ ಇರುತ್ತದೆ, ಎರಡು ಅಂಗೈ ಜೋಡಿಸಿ ಹಿಡಿದರೆ ತುಂಬಿಕೊಳ್ಳುವಷ್ಟು.

ಮೊದಲ ಸಲ ಕಂಡವರಿಗೆ ಇದು ಯಾವನೋ ಹಳ್ಳಿ ಕುಂಬಾರ ಅವಸರದಲ್ಲಿ ಮಾಡಿ ಎಸೆದ ಪಾತ್ರೆಯಂತೆ ಕಂಡೀತು. ಅಂಚು ಏರುಪೇರು, ಮೈ ಒರಟು, ಬಣ್ಣ ಮಸಿಯದು. ಜಪಾನಿನ ಚಹಾಪದ್ಧತಿಯ ಬಗೆಗಿನ ಜನಪ್ರಿಯ ಬರಹಗಳೂ ಸರಳತೆ, ಸಹಜತೆ ಎಂಬ ಎರಡು ಮಾತಿನಲ್ಲಿ ಇದನ್ನು ಮುಗಿಸಿಬಿಡುತ್ತವೆ. ಈ ಬಟ್ಟಲಿನ ಹುಟ್ಟನ್ನು ನೋಡಿದರೆ ಆ ವಿವರಣೆ ನಿಲ್ಲುವುದಿಲ್ಲ. ರಾಜಧಾನಿಯ ನಡುವೆ, ಸಿರಿವಂತ ವರ್ತಕರೂ ಸೇನಾಧಿಪತಿಗಳೂ ಕೂಡುತ್ತಿದ್ದ ಕೋಣೆಗಳಿಗಾಗಿ, ಒಂದೇ ಒಂದು ಬಳಕೆಯನ್ನು ಮನಸ್ಸಿನಲ್ಲಿಟ್ಟು ಹೇಳಿ ಮಾಡಿಸಿದ ವಸ್ತು ಇದು. ಇದರ ಕಪ್ಪು ಕೂಡ ಆಯ್ದುಕೊಂಡ ಕಪ್ಪು. ಆ ಆಯ್ಕೆಯನ್ನು ಒಪ್ಪದವರೂ ಆಗಲೇ ಇದ್ದರು.

ಹಿನ್ನೆಲೆ

ಚಹಾಕ್ಕೆ ಕಪ್ಪು ಬಟ್ಟಲೇ ಒಪ್ಪುವುದು ಎಂಬ ವಿಚಾರ ಬಂದದ್ದು ಚೀನಾದಿಂದ. ಅಲ್ಲಿ ಸಾಂಗ್ ವಂಶದ ಕಾಲದಲ್ಲಿ (960–1279) ಚಹಾ ಸೊಪ್ಪನ್ನು ಒತ್ತಿ ಬಿಲ್ಲೆ ಮಾಡಿಟ್ಟು, ಬೇಕಾದಾಗ ಅರೆದು ಪುಡಿಮಾಡಿ, ಬಟ್ಟಲಿನಲ್ಲೇ ಬಿಸಿನೀರು ಹೊಯ್ದು ನೊರೆ ಬರುವವರೆಗೆ ಕಡೆಯುತ್ತಿದ್ದರು. ನೊರೆ ಬಿಳುಪಾಗಿದ್ದಷ್ಟೂ ಚಹಾ ಮೇಲ್ತರದ್ದು. ಬಿಳಿ ನೊರೆ ಎದ್ದು ಕಾಣಬೇಕಾದರೆ ಬಟ್ಟಲು ಕಪ್ಪಾಗಿರಬೇಕು. 11ನೆಯ ಶತಮಾನದ ಅಧಿಕಾರಿ ತ್ಸಾಯ್ ಶಿಯಾಂಗ್ ತನ್ನ ಚಹಾಗ್ರಂಥದಲ್ಲಿ ಫೂಜಿಯನ್ ಪ್ರಾಂತದ ಜಿಯಾನ್ ಆವಿಗೆಗಳ ಕಪ್ಪು ಬಟ್ಟಲುಗಳನ್ನು ಮೆಚ್ಚಿ ಬರೆದ. 1107ರ ಸುಮಾರಿಗೆ ಸಾಮ್ರಾಟ ಹ್ವೇಜೋಂಗ್ ಬರೆದ ಚಹಾಪ್ರಬಂಧವೂ ಕಪ್ಪು ಬಟ್ಟಲಿಗೇ ಮನ್ನಣೆ ಕೊಟ್ಟಿತು. ಯಾರ ಬಟ್ಟಲಿನ ನೊರೆ ಹೆಚ್ಚು ಹೊತ್ತು ನಿಲ್ಲುತ್ತದೆಂಬ ಪಂದ್ಯಗಳೂ ಅಲ್ಲಿ ನಡೆಯುತ್ತಿದ್ದವು.

ಈ ಬಟ್ಟಲುಗಳನ್ನು ಜಪಾನಿಗೆ ತಂದವರು ಝೆನ್ ಭಿಕ್ಷುಗಳು. ಚೀನಾದ ತ್ಯೆನ್ಮು ಬೆಟ್ಟದ ವಿಹಾರಗಳಿಂದ ಬಂದವೆಂದು ಜಪಾನಿನಲ್ಲಿ ಅವಕ್ಕೆ ಟೆನ್ಮೊಕು ಎಂಬ ಹೆಸರು ನಿಂತಿತು. 1191ರಲ್ಲಿ ಚೀನಾದಿಂದ ಮರಳಿದ ಭಿಕ್ಷು ಐಸಾಯ್ ಪುಡಿಚಹಾ ಕುಡಿಯುವ ಪದ್ಧತಿಯನ್ನು ಬೆಳೆಸಿದ. 1211ರಲ್ಲಿ ಚಹಾದ ಆರೋಗ್ಯಗುಣಗಳ ಬಗ್ಗೆ ಪುಸ್ತಕವನ್ನೂ ಬರೆದ. ಮುಂದಿನ ಮುನ್ನೂರು ವರ್ಷ ಜಪಾನಿನ ಶ್ರೀಮಂತರ ಚಹಾಕೂಟವೆಂದರೆ ಚೀನಾದ ವಸ್ತುಗಳ ಪ್ರದರ್ಶನವೂ ಆಗಿತ್ತು. ಆ ಮೋಹದ ಗುರುತು ಇಂದಿಗೂ ಉಳಿದಿದೆ. ಜಪಾನ್ ಸರ್ಕಾರ ರಾಷ್ಟ್ರೀಯ ನಿಧಿ ಎಂದು ಘೋಷಿಸಿದ ಎಂಟು ಚಹಾ ಬಟ್ಟಲುಗಳಲ್ಲಿ ಐದು ಚೀನಾದ ಟೆನ್ಮೊಕು ಬಟ್ಟಲುಗಳು. ಅವುಗಳಲ್ಲಿ ಮೂರು, ಕಪ್ಪಿನ ಮೇಲೆ ನೀಲಿ ನೇರಳೆ ಪ್ರಭೆಯ ಚುಕ್ಕೆಗಳಿರುವ ಯೋಹೆನ್ ಬಗೆಯವು. ಟೋಕಿಯೊದ ಸೈಕಾಡೊ ಸಂಗ್ರಹ, ಒಸಾಕಾದ ಫುಜಿತಾ ವಸ್ತುಸಂಗ್ರಹಾಲಯ ಮತ್ತು ಕ್ಯೋಟೊದ ಡೈಟೊಕುಜಿ ವಿಹಾರದ ರ್‍ಯೋಕೋ-ಇನ್‌ನಲ್ಲಿ ಒಂದೊಂದಿವೆ. ಉಳಿದ ಮೂರು ರಾಷ್ಟ್ರೀಯ ನಿಧಿಗಳಲ್ಲಿ ಒಂದು ಕೊರಿಯದ್ದು, ಎರಡು ಮಾತ್ರ ಜಪಾನಿನವು. ಕಪ್ಪು ರಾಕು ಬಟ್ಟಲು ಈ ಎಂಟರಲ್ಲಿ ಒಂದೂ ಇಲ್ಲ.

15ನೆಯ ಶತಮಾನದ ಕೊನೆಗೆ ಅಭಿರುಚಿ ತಿರುಗತೊಡಗಿತು. ಮುರಾತಾ ಜುಕೊ (1423–1502) ಮತ್ತು ಅವನ ನಂತರ ಸಾಕಾಯ್ ಪಟ್ಟಣದ ತಾಕೆನೊ ಜೋ-ಓ (1502–1555) ಹೊಳೆಯುವ ಚೀನೀ ವಸ್ತುಗಳ ಪಕ್ಕದಲ್ಲೇ ಸ್ಥಳೀಯ ಕುಂಬಾರರ ಒರಟು ಪಾತ್ರೆಗಳನ್ನಿಟ್ಟರು. ಕೊರಿಯದ ನಿತ್ಯಬಳಕೆಯ ಬಟ್ಟಲುಗಳೂ ಕೋಣೆಯೊಳಗೆ ಬಂದವು. ಇದ್ದುದರಲ್ಲಿ, ಕೊರತೆಯಲ್ಲಿ ಸೊಗಸು ಕಾಣುವ ಈ ದೃಷ್ಟಿಗೆ ವಾಬಿ ಎಂದರು. ಆದರೆ ಇವರು ಮಾಡಿದ್ದು ಆಯ್ಕೆ ಮಾತ್ರ. ಎಲ್ಲೋ ಯಾರಿಗೋ ಮಾಡಿದ ಪಾತ್ರೆಯನ್ನು ಹುಡುಕಿ ತಂದು ಚಹಾಕ್ಕೆ ಬಳಸಿದರು. ಚಹಾಕ್ಕೆಂದೇ ಹೊಸ ಬಟ್ಟಲು ಮಾಡಿಸುವ ಹೆಜ್ಜೆ ಇಟ್ಟವನು ಜೋ-ಓನ ಶಿಷ್ಯ ರಿಕ್ಯೂ.

ರಿಕ್ಯೂ, ಚೋಜಿರೊ ಮತ್ತು ಹಿಡೆಯೋಶಿ

ಸಾಕಾಯ್‌ನ ವರ್ತಕ ಮನೆತನದ ರಿಕ್ಯೂ ಮೊದಲು ಸೇನಾಧಿಪತಿ ಓಡಾ ನೊಬುನಾಗನ, 1582ರಲ್ಲಿ ಅವನು ಸತ್ತ ಮೇಲೆ ಟೊಯೊಟೊಮಿ ಹಿಡೆಯೋಶಿಯ ಚಹಾಗುರುವಾಗಿದ್ದ. ಯುದ್ಧಗಳ ನಡುವೆ ಚಹಾಕೂಟ ಆಗ ರಾಜಕೀಯದ ಅಂಗಳವೂ ಆಗಿತ್ತು. ಒಳ್ಳೆಯ ಬಟ್ಟಲೊಂದು ಸೇನಾನಿಗೆ ಜಹಗೀರಿನಷ್ಟೇ ದೊಡ್ಡ ಬಹುಮಾನ. ಅಂಥ ವಾತಾವರಣದಲ್ಲಿ ರಿಕ್ಯೂ ಚಹಾಕೋಣೆಯನ್ನು ಕುಗ್ಗಿಸುತ್ತ ಹೋದ. ಅವನದೆಂದು ನಂಬಲಾದ, ಯಾಮಝಾಕಿಯ ಮ್ಯೋಕಿ-ಆನ್‌ನಲ್ಲಿರುವ ತಾಯ್-ಆನ್ ಕೋಣೆಯ ಅಳತೆ ಎರಡೇ ಚಾಪೆ. ಗೋಡೆ ಮಣ್ಣಿನದು, ಕಿಟಕಿಗೆ ಕಾಗದ, ಒಳಗೆ ಮಬ್ಬು. ಆತಿಥೇಯನಿಗೂ ಅತಿಥಿಗೂ ನಡುವೆ ಕೈಚಾಚುವಷ್ಟೇ ದೂರ. ಇಂಥ ಕೋಣೆಯಲ್ಲಿ ನೀಲಿ ಚುಕ್ಕೆ ಮಿನುಗುವ ಚೀನೀ ಬಟ್ಟಲು ಇಟ್ಟರೆ ಎಲ್ಲರ ಕಣ್ಣೂ ಅದರ ಮೇಲೇ. ಕೋಣೆಯ ಅಳತೆಗೆ ತಕ್ಕ ಬಟ್ಟಲು ಬೇಕಾಗಿತ್ತು.

ಚೋಜಿರೊ (ಮರಣ 1589) ಬಟ್ಟಲುಗಾರನಾಗಿ ಶುರುಮಾಡಿದವನಲ್ಲ. ಅವನ ತಂದೆ ಆಮೆಯಾ ಚೀನಾದಿಂದ ಬಂದವನೆಂದು ಮನೆತನದ ದಾಖಲೆ ಹೇಳುತ್ತದೆ. ಹಸಿರು, ಹಳದಿ, ಕಂದು ಮೆರುಗುಗಳ ದಕ್ಷಿಣ ಚೀನಾದ ವಿದ್ಯೆ ಮನೆಯಲ್ಲಿತ್ತು. ಚೋಜಿರೊ ಮಾಡಿದವುಗಳಲ್ಲಿ ಇಸವಿ ಖಚಿತವಾಗಿರುವ ಅತಿ ಹಳೆಯದು 1574ರ ಒಂದು ಸಿಂಹ: ಎರಡು ಬಣ್ಣದ ಮೆರುಗಿನ, ಬೆನ್ನುಬಾಗಿಸಿ ಗುರುಗುಡುವ ಮೂರ್ತಿ. ಕ್ಯೋಟೊದ ರಾಕು ವಸ್ತುಸಂಗ್ರಹಾಲಯದಲ್ಲಿ ಅದನ್ನು ಈಗಲೂ ನೋಡಬಹುದು. ಆ ಸಿಂಹದ ಪಕ್ಕದಲ್ಲಿ ಅವನ ಕಪ್ಪು ಬಟ್ಟಲನ್ನಿಟ್ಟರೆ ಎರಡನ್ನೂ ಮಾಡಿದವನು ಒಬ್ಬನೇ ಎಂದು ನಂಬುವುದು ಕಷ್ಟ. ಇಷ್ಟು ಅಬ್ಬರದ ಕೈಚಳಕ ಇದ್ದವನು ಆಮೇಲೆ ಅದನ್ನೆಲ್ಲ ಅದುಮಿಟ್ಟ. ರಾಕು ಬಟ್ಟಲಿನ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ ಇದೇ: ಒರಟುತನ ಗೊತ್ತಿಲ್ಲದವನ ಕೈಯಿಂದ ಬಂದದ್ದಲ್ಲ.

1586ರ ಒಂದು ಚಹಾಕೂಟದ ದಿನಚರಿಯಲ್ಲಿ ‘ಸೋಯೆಕಿ ಆಕಾರದ ಬಟ್ಟಲು’ ಎಂಬ ನಮೂದು ಬರುತ್ತದೆ. ಸೋಯೆಕಿ ಎಂಬುದು ರಿಕ್ಯೂನ ಇನ್ನೊಂದು ಹೆಸರು. ಇದು ಚೋಜಿರೊ ಬಟ್ಟಲಿನ ಮೊದಲ ಉಲ್ಲೇಖವೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಮಾಡಿದವನ ಬದಲು ಮಾಡಿಸಿದವನ ಹೆಸರಿನಿಂದ ಬಟ್ಟಲನ್ನು ಗುರುತಿಸಿದ್ದಾರೆ ಎಂಬುದು ಗಮನಿಸತಕ್ಕದ್ದು. ಆಗಿನವರು ಇದನ್ನು ‘ಇಮಾ-ಯಾಕಿ’, ಅಂದರೆ ಈಗಿನ ಕಾಲದ ಪಾತ್ರೆ ಎಂದೂ ಕರೆದರು. ಇಂದು ನಾವು ಪುರಾತನವೆಂದು ಭಕ್ತಿಯಿಂದ ನೋಡುವ ವಸ್ತು ಅವರ ಪಾಲಿಗೆ ಹೊಸ ಫ್ಯಾಷನ್ನು. ಹಿಡೆಯೋಶಿ ಕ್ಯೋಟೊದಲ್ಲಿ ಕಟ್ಟಿಸಿದ ಜುರಾಕುಡಾಯ್ ಅರಮನೆಯ ಆಸುಪಾಸಿನ ಮಣ್ಣು ಬಳಸಿದ್ದರಿಂದ ಜುರಾಕು ಪಾತ್ರೆ ಎಂಬ ಹೆಸರು ಬಂದು, ಅದೇ ಕುಗ್ಗಿ ರಾಕು ಆಯಿತು. ಮುಂದೆ ಮನೆತನಕ್ಕೂ ಅದೇ ಹೆಸರು ಅಂಟಿತು.

ಹಿಡೆಯೋಶಿಗೆ ಕಪ್ಪು ಹಿಡಿಸಲಿಲ್ಲ. ಅವನು 1586ರಲ್ಲಿ ಸಾಮ್ರಾಟ ಓಗಿಮಾಚಿಯ ಎದುರು ಬಿಚ್ಚಿ ಜೋಡಿಸಬಹುದಾದ ಚಿನ್ನದ ಚಹಾಕೋಣೆಯನ್ನು ನಿಲ್ಲಿಸಿದವನು. ಗೋಡೆ, ಕಂಬ, ಪಾತ್ರೆ ಎಲ್ಲವೂ ಚಿನ್ನ. ಹಕಾತಾದ ವರ್ತಕ ಕಾಮಿಯಾ ಸೋತಾನ್‌ನ ದಿನಚರಿಯಲ್ಲಿ 1590ರ ಒಂದು ಕೂಟದ ವಿವರವಿದೆ. ಕಪ್ಪು ಬಟ್ಟಲಿನಲ್ಲಿ ಚಹಾ ಕಡೆದರೆ ಒಡೆಯನಿಗೆ ಇಷ್ಟವಾಗುವುದಿಲ್ಲ ಎಂಬ ಮಾತು ರಿಕ್ಯೂನ ಕೋಣೆಯಲ್ಲೇ ಬಂದುದನ್ನು ಅವನು ಬರೆದುಕೊಂಡಿದ್ದಾನೆ. ಮರುವರ್ಷ ಹಿಡೆಯೋಶಿಯ ಆಜ್ಞೆಯಂತೆ ರಿಕ್ಯೂ ಹೊಟ್ಟೆ ಸೀಳಿಕೊಂಡು ಸತ್ತ. ಡೈಟೊಕುಜಿ ವಿಹಾರದ ಮಹಾದ್ವಾರದಲ್ಲಿ ತನ್ನ ಮೂರ್ತಿ ಇರಿಸಲು ಒಪ್ಪಿದ್ದು ಅವನ ಮೇಲಿನ ಒಂದು ಆರೋಪ. ಚಹಾಸಾಮಗ್ರಿಗೆ ವಿಪರೀತ ಬೆಲೆ ಕಟ್ಟಿ ಮಾರಿದನೆಂಬುದು ಇನ್ನೊಂದು. ಕಪ್ಪು ಬಟ್ಟಲಿಗಾಗಿ ಅವನು ಸತ್ತನೆಂದು ಕಥೆ ಕಟ್ಟುವುದು ಸುಲಭ, ಕಾದಂಬರಿಕಾರರಿಗೆ ಅದು ಪ್ರಿಯವೂ ಹೌದು. ದಾಖಲೆ ಅಷ್ಟು ದೂರ ಹೋಗುವುದಿಲ್ಲ.

ತಯಾರಿಕೆ

ರಾಕು ಬಟ್ಟಲಿಗೆ ತಿಗರಿ ಬಳಸುವುದಿಲ್ಲ. ಮಣ್ಣಿನ ಮುದ್ದೆಯನ್ನು ಹಲಗೆಯ ಮೇಲೆ ತಟ್ಟಿ ದಪ್ಪ ರೊಟ್ಟಿಯಂತೆ ಮಾಡಿ, ಸುತ್ತಲ ಅಂಚನ್ನು ಎರಡು ಅಂಗೈಗಳ ನಡುವೆ ಒತ್ತುತ್ತ ಮೆಲ್ಲಗೆ ಮೇಲಕ್ಕೆತ್ತುತ್ತಾರೆ. ಹೀಗೆ ಎದ್ದ ಗೋಡೆ ಅಂಗೈಯ ಬಾಗನ್ನೇ ಹೊತ್ತಿರುತ್ತದೆ. ಸ್ವಲ್ಪ ಒಣಗಿದ ಮೇಲೆ ಕಬ್ಬಿಣದ ಬಾಗಿದ ಅಲಗಿನಿಂದ ಒಳಗೂ ಹೊರಗೂ ಹೆರೆದು ತೆಳು ಮಾಡಿ, ತಳದಲ್ಲಿ ಬಳೆಯಂಥ ಕಾಲು ಕೆತ್ತುತ್ತಾರೆ. ಬಟ್ಟಲಿನ ನಿಜವಾದ ರೂಪ ಬರುವುದು ಈ ಹೆರೆಯುವಾಗ. ತಿಗರಿಯ ಪಾತ್ರೆಯಲ್ಲಿ ಬೆರಳು ಎಳೆದ ಸುರುಳಿಗೆರೆ ಉಳಿಯುತ್ತದೆ; ಇಲ್ಲಿ ಉಳಿಯುವುದು ಒತ್ತಿದ ಮತ್ತು ಕೆತ್ತಿದ ಗುರುತು. ಬಾಯಂಚಿನಲ್ಲಿ ಮೆಲ್ಲನೆ ಏರಿಳಿಯುವ ಐದು ದಿಬ್ಬಗಳಿರುವುದು ವಾಡಿಕೆ. ಒಳತಳದಲ್ಲಿ ಕೊನೆಯ ಗುಟುಕು ನಿಲ್ಲಲು ಒಂದು ತಗ್ಗು ಇರುತ್ತದೆ. ಅದಕ್ಕೆ ಚಾಡಮಾರಿ ಎಂಬ ಹೆಸರೇ ಇದೆ.

ಕಪ್ಪು ಮೆರುಗಿಗೆ ಮೂಲ ಕ್ಯೋಟೊದ ಕಾಮೊ ನದಿಯ ಕಲ್ಲು. ಕಬ್ಬಿಣ, ಮ್ಯಾಂಗನೀಸ್ ಅಂಶ ಇರುವ ಈ ಕಲ್ಲನ್ನು ನುಣ್ಣಗೆ ಪುಡಿಮಾಡಿ, ಕರಗಲು ನೆರವಾಗುವ ಗಾಜಿನಂಥ ಪುಡಿ ಬೆರೆಸಿ, ಕುಂಚದಿಂದ ಬಳಿಯುತ್ತಾರೆ. ಒಂದು ಲೇಪ ಒಣಗಿದ ಮೇಲೆ ಇನ್ನೊಂದು; ಹೀಗೆ ಹತ್ತು ಹದಿನೈದು ಬಾರಿಯೂ ಆಗುವುದುಂಟು. ಮೆರುಗಿನ ಪಾಕವನ್ನು ತಂದೆ ಮಗನಿಗೆ ಬರೆದುಕೊಡುವ ಪದ್ಧತಿ ಈ ಮನೆತನದಲ್ಲಿಲ್ಲ. ಪ್ರತಿ ತಲೆಮಾರಿನವನೂ ತನ್ನ ಕಪ್ಪನ್ನು ತಾನೇ ಕಂಡುಕೊಳ್ಳಬೇಕು. ಮಣ್ಣು ಮಾತ್ರ ಪಿತ್ರಾರ್ಜಿತ. ಹಿರಿಯರು ಅಗೆದು ಕೂಡಿಟ್ಟ ಮಣ್ಣನ್ನು ಮುಂದಿನವರು ಬಳಸುತ್ತಾರೆ, ತಾವು ಅಗೆದುದನ್ನು ಮೊಮ್ಮಕ್ಕಳಿಗೆ ಬಿಡುತ್ತಾರೆ.

ಸುಡುವ ಕ್ರಮ ಕುಂಬಾರನ ಆವಿಗೆಗಿಂತ ಕಮ್ಮಾರನ ಕುಲುಮೆಗೇ ಹತ್ತಿರ. ಮನೆಯೊಳಗೇ ಇರುವ ಸಣ್ಣ ಆವಿಗೆ. ನಡುವೆ ಮಣ್ಣಿನ ಗೂಡು, ಅದರೊಳಗೆ ಒಂದೇ ಬಟ್ಟಲು, ಸುತ್ತ ಇದ್ದಿಲು. ಪೆಟ್ಟಿಗೆಯಾಕಾರದ ತಿದಿಯನ್ನು ಬಿಡದೆ ಎಳೆದು ಒತ್ತುತ್ತ ಉರಿಯನ್ನು 1,000 ಡಿಗ್ರಿ ಸೆಲ್ಸಿಯಸ್ ದಾಟಿಸಿ 1,200ರ ಆಸುಪಾಸಿಗೆ ಏರಿಸುತ್ತಾರೆ. ಮೆರುಗು ಕರಗಿ ಗುಳ್ಳೆ ಎದ್ದು ಅಡಗುವ ಹೊತ್ತಿಗೆ ಉದ್ದನೆಯ ಇಕ್ಕಳ ಹಾಕಿ ಕೆಂಡದಂತಿರುವ ಬಟ್ಟಲನ್ನು ಹೊರಗೆಳೆಯುತ್ತಾರೆ. ಇದೆಲ್ಲ ನಿಮಿಷಗಳ ಲೆಕ್ಕ. ತಡವಾದರೆ ಮೆರುಗು ಹರಿದು ಗಾಜಾಗುತ್ತದೆ, ಬೇಗ ತೆಗೆದರೆ ಪುಡಿಯಾಗಿ ಉಳಿಯುತ್ತದೆ. ಇಕ್ಕಳ ಕಚ್ಚಿದ ಜಾಗದಲ್ಲಿ ಗುರುತು ನಿಲ್ಲುತ್ತದೆ. ಅದನ್ನು ದೋಷವೆಂದು ಯಾರೂ ಒರೆಸುವುದಿಲ್ಲ.

ಕಪ್ಪು ಹುಟ್ಟುವುದು ಈ ಹಠಾತ್ ತಣಿಯುವಿಕೆಯಿಂದ. ಕಬ್ಬಿಣದ ಅಂಶವಿರುವ ಮೆರುಗನ್ನು ಆವಿಗೆಯೊಳಗೇ ನಿಧಾನ ಆರಲು ಬಿಟ್ಟರೆ ಕಬ್ಬಿಣ ಗಾಳಿಯೊಂದಿಗೆ ಕೂಡಿ ಕಂದು ಬಣ್ಣಕ್ಕೆ ತಿರುಗುತ್ತದೆ. ಹೊರಗೆಳೆದು ಥಟ್ಟನೆ ತಣಿಸಿದರೆ ಅದಕ್ಕೆ ಅವಕಾಶವಿಲ್ಲದೆ ಕಪ್ಪಾಗಿಯೇ ನಿಲ್ಲುತ್ತದೆ. ಇಂಥ ಆಘಾತಕ್ಕೆ ಬಿಗಿಯಾಗಿ ಬೆಂದ ಪಿಂಗಾಣಿ ಸಿಡಿದುಹೋದೀತು. ರಾಕು ಮಣ್ಣು ಮರಳು ಮಿಶ್ರಿತ, ಸಡಿಲ, ರಂಧ್ರಮಯವಾದ್ದರಿಂದ ತಾಳಿಕೊಳ್ಳುತ್ತದೆ. ಆ ಸಡಿಲತೆಯಿಂದಲೇ ಬಟ್ಟಲಿಗೆ ಇನ್ನೊಂದು ಗುಣ ಬಂದಿದೆ. ಬಿಸಿ ಮೆಲ್ಲಗೆ ಹಾಯುತ್ತದೆ. ಚಹಾ ಸುಡುತ್ತಿದ್ದರೂ ಹಿಡಿದ ಕೈಗೆ ಬೆಚ್ಚಗೆ ಅಷ್ಟೇ. ಹಿಡಿಯಿಲ್ಲದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುವ ಪದ್ಧತಿಗೆ ಇದಕ್ಕಿಂತ ಒಳ್ಳೆಯ ಮಣ್ಣು ಸಿಗದು. ಇದೇ ಮನೆತನದ ಕೆಂಪು ರಾಕು ಬಟ್ಟಲುಗಳನ್ನು ಇನ್ನೂ ಕಡಿಮೆ ಉರಿಯಲ್ಲಿ, ಪಾರದರ್ಶಕ ಮೆರುಗಿನಡಿ ಸುಡುತ್ತಾರೆ.

ಹೆಸರಾಂತ ಬಟ್ಟಲುಗಳು

ಚಹಾಲೋಕದಲ್ಲಿ ಒಳ್ಳೆಯ ಬಟ್ಟಲಿಗೆ ಅಂಕಿತನಾಮ ಇರುತ್ತದೆ. ಚೋಜಿರೊನ ಕಪ್ಪು ಬಟ್ಟಲುಗಳಲ್ಲಿ ‘ಓಗುರೊ’, ‘ಟೋಯೋಬೊ’, ‘ಶುಂಕಾನ್’ ಮೂರೂ ಜಪಾನಿನ ಪ್ರಮುಖ ಸಾಂಸ್ಕೃತಿಕ ಸ್ವತ್ತುಗಳ ಪಟ್ಟಿಯಲ್ಲಿವೆ. ಶುಂಕಾನ್ ಎಂಬುದು ದ್ವೀಪವೊಂದಕ್ಕೆ ಗಡೀಪಾರಾಗಿ, ಜೊತೆಯವರಿಗೆ ಕ್ಷಮೆ ಸಿಕ್ಕಿದರೂ ತಾನೊಬ್ಬನೇ ಅಲ್ಲುಳಿದ 12ನೆಯ ಶತಮಾನದ ಭಿಕ್ಷುವಿನ ಹೆಸರು. ದೂರದ ಸಾತ್ಸುಮಾದ ಶಿಷ್ಯನೊಬ್ಬನಿಗೆ ರಿಕ್ಯೂ ಮೂರು ಬಟ್ಟಲು ಕಳಿಸಿದನಂತೆ. ಅವನು ಎರಡನ್ನು ಹಿಂದಿರುಗಿಸಿ ಒಂದನ್ನು ಇಟ್ಟುಕೊಂಡನಂತೆ. ಅಲ್ಲುಳಿದದ್ದೇ ಶುಂಕಾನ್. ಈಗ ಅದು ಟೋಕಿಯೊದ ಮಿತ್ಸುಯಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿದೆ. ಕೆಂಪು ಬಟ್ಟಲು ‘ಕಿಮಾಮೊರಿ’ಗೂ ಇಂಥದೇ ಕಥೆ: ಶಿಷ್ಯರು ತಮಗೆ ಬೇಕಾದುವನ್ನು ಆರಿಸಿಕೊಂಡ ಮೇಲೆ ಉಳಿದದ್ದಕ್ಕೆ, ಕೊಯ್ಲಿನ ನಂತರ ಮರದಲ್ಲೇ ಬಿಡುವ ಕೊನೆಯ ಹಣ್ಣಿನ ಹೆಸರಿಟ್ಟರು. 1923ರ ಕಾಂಟೊ ಭೂಕಂಪದಲ್ಲಿ ಅದು ಒಡೆದುಹೋಯಿತು. ಸಿಕ್ಕ ಚೂರನ್ನು ಸೇರಿಸಿಕೊಂಡು ರಾಕು ಮನೆತನದವರೇ ಮತ್ತೆ ಕಟ್ಟಿದರು.

ಚೋಜಿರೊನ ಬಟ್ಟಲುಗಳ ಮೇಲೆ ಮುದ್ರೆಯಿಲ್ಲ. ಅವನ ಕಪ್ಪು ಹೊಳೆಯುವುದಿಲ್ಲ. ಕಂದು ಛಾಯೆ ಬೆರೆತ, ಬೆಳಕನ್ನು ಹೀರಿಕೊಳ್ಳುವ ಮಂಕು ಕಪ್ಪು. ಆಕಾರದಲ್ಲೂ ಎದ್ದು ಕಾಣುವಂಥದ್ದು ಏನೂ ಇಲ್ಲ. ಪ್ರತಿ ಬಟ್ಟಲೂ ಬೇರೆ, ಆದರೆ ನಾನು ಬೇರೆ ಎಂದು ಯಾವುದೂ ಕೂಗಿ ಹೇಳುವುದಿಲ್ಲ.

ಮನೆತನದ ನಡೆ

ಇಂದಿನ ರಾಕು ಮನೆತನ ನೇರವಾಗಿ ಚೋಜಿರೊನ ಸಂತತಿಯಲ್ಲ. ಐದನೆಯ ತಲೆಮಾರಿನ ಸೋನ್ಯು 1688ರಲ್ಲಿ ಬರೆದಿಟ್ಟ ವಂಶಪತ್ರದ ಪ್ರಕಾರ ಚೋಜಿರೊನ ಜೊತೆ ತಾನಾಕಾ ಸೋಕೈ ಮತ್ತು ಅವನ ಮಕ್ಕಳಾದ ಸೋಮಿ, ಜೋಕೈ ದುಡಿಯುತ್ತಿದ್ದರು. ಚೋಜಿರೊನ ಹೆಂಡತಿ ಸೋಮಿಯ ಮಗಳು. ಅಂದರೆ ಚೋಜಿರೊ ಎಂಬ ಹೆಸರಿನ ಹಿಂದೆ ಒಂದು ಕಾರ್ಯಾಗಾರವೇ ಇತ್ತು. ಮುಂದುವರಿದದ್ದು ಜೋಕೈಯ (ಮರಣ 1635) ಕವಲು. ಕೆಲಸದಲ್ಲಿರುವ ಯಜಮಾನನಿಗೆ ಕಿಚಿಜಾಯೆಮೊನ್ ಎಂಬ ಹೆಸರು. ಮಗನಿಗೆ ಪಟ್ಟ ಬಿಟ್ಟುಕೊಟ್ಟ ಮೇಲೆ ‘ನ್ಯು’ ಎಂದು ಕೊನೆಗೊಳ್ಳುವ ನಿವೃತ್ತಿ ನಾಮ. ಚರಿತ್ರೆಯಲ್ಲಿ ಅವರು ಉಳಿಯುವುದು ಈ ಎರಡನೆಯ ಹೆಸರಿನಿಂದ.

ಮೂರನೆಯ ಡೋನ್ಯು (1599–1656) ಕಾಲಕ್ಕೆ ಕಪ್ಪು ಬದಲಾಯಿತು. ಮೆರುಗು ಹೊಳೆಯಿತು, ಗೋಡೆ ತೆಳುವಾಯಿತು, ಬಾಯಂಚಿನಿಂದ ದಟ್ಟ ಮೆರುಗು ಪರದೆಯಂತೆ ಇಳಿಬಿತ್ತು. ಚಹಾ ಬಲ್ಲವರಲ್ಲಿ ಹಲವರು ಚೋಜಿರೊನ ನಂತರ ಇವನಿಗೇ ಎರಡನೆಯ ಸ್ಥಾನ ಕೊಡುತ್ತಾರೆ. ಅವನ ಮೇಲೆ ಪ್ರಭಾವ ಬೀರಿದವನು ಹೊನಾಮಿ ಕೋಯೆತ್ಸು (1558–1637). ಇವನು ಕುಂಬಾರನಲ್ಲ, ಖಡ್ಗ ಪರೀಕ್ಷಕರ ಮನೆತನದವನು, ಹೆಸರಾಂತ ಕೈಬರಹಗಾರ. 1615ರಲ್ಲಿ ತೊಕುಗಾವಾ ಇಯೆಯಾಸು ಕೊಟ್ಟ ತಾಕಾಗಾಮಿನೆಯ ಜಾಗದಲ್ಲಿ ನೆಲೆಸಿ ಹವ್ಯಾಸಕ್ಕೆಂದು ಬಟ್ಟಲು ಮಾಡಿದ. ಮಣ್ಣು ಕಳಿಸಿ ಎಂದು ರಾಕು ಮನೆಗೆ ಬರೆದ ಅವನ ಚೀಟಿಗಳು ಉಳಿದಿವೆ, ಸುಟ್ಟುಕೊಟ್ಟವರೂ ಅವರೇ. ಗಿರಾಕಿಯ ಹಂಗಿಲ್ಲದ ಈ ಹವ್ಯಾಸಿ ಅಂಚನ್ನು ಕತ್ತಿಯಿಂದ ನೇರ ಕತ್ತರಿಸಿದ, ಮೆರುಗನ್ನು ಅಲ್ಲಲ್ಲಿ ಬಿಟ್ಟ. ಮಳೆಮೋಡ ಎಂಬ ಅರ್ಥದ ‘ಅಮಾಗುಮೊ’ ಅವನ ಕಪ್ಪು ಬಟ್ಟಲುಗಳಲ್ಲಿ ಪ್ರಸಿದ್ಧ. ರಾಷ್ಟ್ರೀಯ ನಿಧಿಯಾಗಿರುವ ಎರಡು ಜಪಾನಿ ಬಟ್ಟಲುಗಳಲ್ಲಿ ಒಂದು ಇವನ ಬಿಳಿ ರಾಕು ‘ಫುಜಿಸಾನ್’. ಸುಡುವಾಗ ಅದರ ಕೆಳಭಾಗ ತಾನಾಗಿ ಕಪ್ಪಿಗೆ ತಿರುಗಿತು.

ನಂತರದವರು ಒಂದೋ ಡೋನ್ಯುವಿನತ್ತ ವಾಲಿದರು, ಇಲ್ಲವೇ ಚೋಜಿರೊನತ್ತ ಮರಳಿದರು. ನಾಲ್ಕನೆಯ ಇಚಿನ್ಯು (1640–1696) ಕಪ್ಪಿನೊಳಗೆ ಕೆಂಪು ಹಾಯಿಸಿದ. ಅವನ ದತ್ತುಪುತ್ರ ಸೋನ್ಯು (1664–1716) ಪ್ರಸಿದ್ಧ ಚಿತ್ರಕಾರ ಒಗಾತಾ ಕೋರಿನ್‌ಗೆ ದಾಯಾದಿ. ಸೋದರಬಂಧು ಕಣ್ಣುಕೋರೈಸುವ ಚಿನ್ನದ ತೆರೆಗಳನ್ನು ಬರೆಯುತ್ತಿದ್ದಾಗ ಈತ ತುಕ್ಕು ಹಿಡಿದ ಕಬ್ಬಿಣದಂಥ ಒಣ ಕಪ್ಪಿಗೆ ಹಿಂದಿರುಗಿದ. ಒಂಬತ್ತನೆಯ ರ್‍ಯೋನ್ಯು (1756–1834) ಕಾಲದಲ್ಲಿ, 1788ರ ಕ್ಯೋಟೊ ಮಹಾ ಅಗ್ನಿದುರಂತದಲ್ಲಿ ಮನೆ ಸುಟ್ಟುಹೋಯಿತು. ಹನ್ನೊಂದನೆಯ ಕೈನ್ಯು (1817–1902) ಮೇಜಿ ಯುಗದ ಹೊಡೆತ ಕಂಡವನು. ದೊರೆಗಳ ಆಶ್ರಯ ತಪ್ಪಿ, ಪಶ್ಚಿಮದ ಗಾಳಿ ಬೀಸಿ, ಚಹಾಪದ್ಧತಿಯೇ ಹಳತೆನಿಸಿದ್ದ ವರ್ಷಗಳು ಅವು. ಹದಿನಾಲ್ಕನೆಯ ಕಾಕುನ್ಯು (1918–1980) ಎರಡನೆಯ ಮಹಾಯುದ್ಧದಿಂದ ಮರಳುವ ಹೊತ್ತಿಗೆ ತಂದೆ ತೀರಿಕೊಂಡಿದ್ದ. ಅವನೇ 1978ರಲ್ಲಿ ಮನೆಯ ಪಕ್ಕದಲ್ಲಿ ರಾಕು ವಸ್ತುಸಂಗ್ರಹಾಲಯ ಸ್ಥಾಪಿಸಿ ಪೂರ್ವಜರ ಬಟ್ಟಲುಗಳನ್ನು ಅಲ್ಲಿಟ್ಟ.

ಹದಿನೈದನೆಯವರಾದ ಜಿಕಿನ್ಯು (ಜನನ 1949) ಟೋಕಿಯೊದಲ್ಲಿ ಶಿಲ್ಪಕಲೆ ಕಲಿತು, ರೋಮಿನಲ್ಲಿ ಇದ್ದು ಬಂದು 1981ರಲ್ಲಿ ಪಟ್ಟಕ್ಕೆ ಬಂದರು. ಅವರ ಬಟ್ಟಲುಗಳಲ್ಲಿ ಕಡಿದಾದ ಬಂಡೆಯ ಅಂಚುಗಳು, ಉಜ್ಜಿದ ಚಿನ್ನ ಬೆಳ್ಳಿಯ ಗೆರೆಗಳು ಕಾಣುತ್ತವೆ. ಚಹಾ ಕುಡಿಯಲು ತುಟಿ ಎಲ್ಲಿಡಬೇಕೆಂದು ಹುಡುಕಬೇಕಾದಂಥವೂ ಇವೆ. ಪ್ರದರ್ಶನಗಳಲ್ಲಿ ಅವನ್ನೂ ಚೋಜಿರೊನ ಬಟ್ಟಲುಗಳನ್ನೂ ಜೊತೆಗೇ ಇಡುತ್ತಾರೆ. ಹಾಗಿಟ್ಟಾಗ ನೋಡುಗನ ಕಣ್ಣು ಹಿರಿಯನ ಕಡೆಗೇ ಜಾರುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ.

ಸೋದರ ಬಟ್ಟಲುಗಳು

ಕಪ್ಪು ಚಹಾ ಬಟ್ಟಲೆಲ್ಲ ರಾಕು ಅಲ್ಲ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಮಿನೊ ಪ್ರಾಂತದ (ಇಂದಿನ ಗಿಫು) ಆವಿಗೆಗಳಲ್ಲಿ ಸೆತೊಗುರೊ ಎಂಬ ಕಪ್ಪು ಬಟ್ಟಲು ಬಂತು. ಅದನ್ನೂ ಕೆಂಡವಾಗಿರುವಾಗಲೇ ಹೊರಗೆಳೆಯುತ್ತಿದ್ದರು. ಆದರೆ ಮಾಡುವುದು ತಿಗರಿಯ ಮೇಲೆ, ಸುಡುವುದು ದೊಡ್ಡ ಆವಿಗೆಯಲ್ಲಿ, ಮೈ ನೆಟ್ಟಗೆ ನಿಂತ ಕೊಳವೆಯಂತೆ. ರಿಕ್ಯೂನ ನಂತರ ಚಹಾಲೋಕ ಆಳಿದ ಯೋಧ ಫುರುತಾ ಓರಿಬೆಯ (1544–1615) ಹೆಸರಿನ ಕಪ್ಪು ಓರಿಬೆ ಬಟ್ಟಲುಗಳು ಬೇಕೆಂದೇ ಜಜ್ಜಿ ಸೊಟ್ಟಗೆ ಮಾಡಿದವು. ಕಪ್ಪಿನ ನಡುವೆ ಬಿಳಿಯ ಕಿಂಡಿ ಬಿಟ್ಟು ಚಿತ್ರ ಬರೆಯುತ್ತಿದ್ದರು. ಈ ಬಟ್ಟಲುಗಳು ಸೆತೊ ಊರಿನವೆಂದೇ ಬಹುಕಾಲ ನಂಬಿದ್ದರು. 1930ರಲ್ಲಿ ಕುಂಬಾರ ಅರಾಕಾವಾ ತೊಯೊಝೊ ಮಿನೊದ ಮುತಾಬೋರಾ ಎಂಬಲ್ಲಿ ಹಳೆಯ ಆವಿಗೆಯ ಚೂರುಗಳನ್ನು ಪತ್ತೆಮಾಡಿದ ಮೇಲೆ ಆ ನಂಬಿಕೆ ಬಿತ್ತು. ಇನ್ನು ಕಾನಾಝಾವಾದ ಓಹಿ ಬಟ್ಟಲು ರಾಕುವಿನದೇ ಕವಲು: ಇಚಿನ್ಯುವಿನ ಬಳಿ ಕಲಿತ ಚೋಝಾಯೆಮೊನ್ 1666ರಲ್ಲಿ ಅಲ್ಲಿಗೆ ಹೋಗಿ ಜೇನುಬಣ್ಣದ ಮೆರುಗಿನಲ್ಲಿ ಹೆಸರು ಮಾಡಿದ.

ಬಳಕೆ

ಕಪ್ಪು ರಾಕು ಬಟ್ಟಲಿಗೆ ಹೆಚ್ಚು ಮರ್ಯಾದೆ ಇರುವುದು ಗಟ್ಟಿ ಚಹಾಕ್ಕೆ. ಪುಡಿ ಹೆಚ್ಚು, ನೀರು ಕಡಿಮೆ ಹಾಕಿ ಬಿದಿರಿನ ಕಡೆಗೋಲಿನಿಂದ ನಾದಿದ ಈ ಚಹಾ ಅಂಬಲಿಯ ಹದಕ್ಕೆ ಬರುತ್ತದೆ. ಅತಿಥಿಗಳೆಲ್ಲ ಒಂದೇ ಬಟ್ಟಲಿನಿಂದ ಸರದಿಯಂತೆ ಕುಡಿಯುತ್ತಾರೆ. ಸಾಂಗ್ ಚೀನಾದಲ್ಲಿ ಬಿಳಿ ನೊರೆಗಾಗಿ ಕಪ್ಪು ಬೇಕಾಗಿತ್ತು. ಇಲ್ಲಿ ಚಹಾ ಕಡುಹಸಿರು, ಕೋಣೆ ಮಬ್ಬು. ಬಟ್ಟಲು ಕತ್ತಲಲ್ಲಿ ಕರಗಿ ಹಸಿರೊಂದೇ ಉಳಿಯುತ್ತದೆ. ಅತಿಥಿ ಬಟ್ಟಲನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಅದರ ಮುಖಭಾಗಕ್ಕೆ ತುಟಿ ತಾಗದಂತೆ ಸ್ವಲ್ಪ ತಿರುಗಿಸಿ ಕುಡಿಯುತ್ತಾನೆ. ಕುಡಿದಾದ ಮೇಲೆ ಚಾಪೆಯ ಮೇಲಿಟ್ಟು, ಮೊಣಕೈ ಮೊಣಕಾಲಿಗೆ ಊರಿ, ತೀರ ತಗ್ಗಿನಲ್ಲೇ ಎತ್ತಿ ತಿರುಗಿಸಿ ನೋಡುತ್ತಾನೆ, ಕೈತಪ್ಪಿದರೂ ಒಡೆಯಬಾರದಲ್ಲ. ಬಲ್ಲವರು ಮೊದಲು ನೋಡುವುದು ತಳದ ಕಾಲನ್ನು. ಮಾಡಿದವನ ಕೈ ಅಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ.

ರಂಧ್ರಮಯ ಮಣ್ಣಾದ್ದರಿಂದ ಬಳಸುವ ಮುನ್ನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಬೇಕು, ಬಳಸಿದ ಮೇಲೆ ಹಲವು ದಿನ ಗಾಳಿಗೆ ಒಣಗಿಸಿಯೇ ಪೆಟ್ಟಿಗೆಗೆ ಹಾಕಬೇಕು. ಸೋಪು ತಾಗಿಸಬಾರದು. ಪೆಟ್ಟಿಗೆಯೂ ಬಟ್ಟಲಿನ ಭಾಗವೇ: ಮುಚ್ಚಳದ ಮೇಲೆ ಚಹಾ ಮನೆತನಗಳ ಗುರುಗಳು ಬರೆದ ಹೆಸರು, ರುಜು ಇದ್ದರೆ ಬೆಲೆ ಏರುತ್ತದೆ. ರಿಕ್ಯೂನ ಸಂತತಿಯ ಮೂರು ಸೆನ್ ಮನೆತನಗಳಿಗೆ ಸಾಮಗ್ರಿ ಮಾಡಿಕೊಡುವ ಹತ್ತು ಕುಶಲಕರ್ಮಿ ಕುಟುಂಬಗಳಲ್ಲಿ ರಾಕು ಒಂದು. ಹೀಗೆ ಗುರು, ಕುಂಬಾರ, ಕೊಳ್ಳುವವನು ಒಂದೇ ವರ್ತುಲದಲ್ಲಿರುವುದರಿಂದ ಬಟ್ಟಲಿನ ಗುಣವನ್ನು ಪೆಟ್ಟಿಗೆಯ ಬರಹದಿಂದ ಬಿಡಿಸಿ ನೋಡುವುದು ಕಷ್ಟ.

ಟೀಕೆ ಮತ್ತು ಹರಡುವಿಕೆ

ರಾಕು ಬಟ್ಟಲಿನ ಮೇಲೆ ಗಂಭೀರ ಆಕ್ಷೇಪ ಎತ್ತಿದವನು ಜಾನಪದ ಕಲಾ ಚಳವಳಿಯ ಯಾನಾಗಿ ಸೋಯೆತ್ಸು (1889–1961). 1931ರಲ್ಲಿ ಕೊರಿಯದ ‘ಕಿಝಾಯೆಮೊನ್’ ಬಟ್ಟಲನ್ನು ಕೈಯಲ್ಲಿ ಹಿಡಿದು ನೋಡಿದ ಅವನಿಗೆ, ಹೆಸರಿಲ್ಲದ ಕುಂಬಾರ ಅನ್ನದ ಬಟ್ಟಲೆಂದು ಮಾಡಿದ ಅದರಲ್ಲಿ ಕಂಡ ಚೆಲುವು ರಾಕುವಿನಲ್ಲಿ ಕಾಣಲಿಲ್ಲ. ರಾಕುವಿನ ಸೊಟ್ಟತನ ಬೇಕೆಂದು ಮಾಡಿದ್ದು, ಆದ್ದರಿಂದ ಕೃತಕ ಎಂಬುದು ಅವನ ವಾದ. ನಂತರದ ತಲೆಮಾರುಗಳ ಎಷ್ಟೋ ಬಟ್ಟಲುಗಳಿಗೆ ಈ ಮಾತು ಸಲ್ಲುತ್ತದೆ. ಚೋಜಿರೊನಿಗೆ ಸಲ್ಲುವುದಿಲ್ಲ: ಅವನದೂ ಬೇಕೆಂದು ಮಾಡಿದ್ದೇ, ಆದರೆ ಅವನು ಸೊಟ್ಟತನ ತೋರಿಸಲು ಹೊರಡಲಿಲ್ಲ.

ಯಾನಾಗಿಯ ಗೆಳೆಯ, ಇಂಗ್ಲಿಷ್ ಕುಂಬಾರ ಬರ್ನಾರ್ಡ್ ಲೀಚ್ 1911ರಲ್ಲಿ ಟೋಕಿಯೊದ ಒಂದು ಗೋಷ್ಠಿಯಲ್ಲಿ ರಾಕು ಪಾತ್ರೆಗೆ ಚಿತ್ರ ಬರೆದು, ಅದು ಕಣ್ಣೆದುರೇ ಸುಟ್ಟು ಬಂದುದನ್ನು ಕಂಡು ಕುಂಬಾರಿಕೆಗೆ ಮಾರುಹೋದ. ಅವನ 1940ರ ಪುಸ್ತಕದಿಂದ ರಾಕು ಪಶ್ಚಿಮಕ್ಕೆ ತಿಳಿಯಿತು. 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಪಾಲ್ ಸೋಲ್ಡ್‌ನರ್ ಕೆಂಡದಂಥ ಪಾತ್ರೆಯನ್ನು ಒಣ ಎಲೆಗಳಲ್ಲಿ ಹೂತು ಹೊಗೆ ಹಿಡಿಸಿದ. ಇಂದು ಜಗತ್ತಿನಾದ್ಯಂತ, ಭಾರತದ ಸ್ಟುಡಿಯೊಗಳಲ್ಲೂ ರಾಕು ಎಂದು ಕಲಿಸುವುದು ಹೆಚ್ಚಾಗಿ ಈ ಅಮೆರಿಕನ್ ವಿಧಾನವನ್ನೇ. ಹೊಗೆಯಿಂದ ಬಂದ ಆ ಕಪ್ಪಿಗೂ ಕಾಮೊ ಕಲ್ಲಿನ ಕಪ್ಪಿಗೂ ಸಂಬಂಧವಿಲ್ಲ. ಎಲೆ, ಮರದ ಹೊಟ್ಟು ಹಾಕಿ ಸುಟ್ಟ ಅಂಥ ಪಾತ್ರೆಗಳು ಬಹುಪಾಲು ಅಲಂಕಾರಕ್ಕೆ. ನೀರು ಜಿನುಗುತ್ತದೆ, ಮೆರುಗಿನ ಲೋಹಾಂಶ ಪಾನೀಯಕ್ಕೆ ಇಳಿಯುವ ಅಪಾಯವೂ ಉಂಟು. ಕೊಳ್ಳುವವರು ಅದರಲ್ಲಿ ಚಹಾ ಕುಡಿಯಬಹುದೇ ಎಂದು ಮಾಡಿದವರನ್ನೇ ಕೇಳಿ ತಿಳಿಯುವುದು ಒಳ್ಳೆಯದು.

ಹದಿನಾರನೆಯ ಕಿಚಿಜಾಯೆಮೊನ್ 2019ರಲ್ಲಿ ಪಟ್ಟಕ್ಕೆ ಬಂದರು. ಕ್ಯೋಟೊದ ಕಾಮಿಗ್ಯೋ ವಿಭಾಗದಲ್ಲಿರುವ ರಾಕು ವಸ್ತುಸಂಗ್ರಹಾಲಯ ಗಾಜಿನ ಹಿಂದಿನ ಪ್ರದರ್ಶನದ ಜೊತೆಗೆ, ಸಂಗ್ರಹದ ಹಳೆಯ ಬಟ್ಟಲುಗಳನ್ನು ಸಂದರ್ಶಕರು ಕೈಯಲ್ಲೇ ಹಿಡಿದು ನೋಡುವ ಕೂಟಗಳನ್ನೂ ಏರ್ಪಡಿಸುತ್ತದೆ.